ಜಿಲ್ಲಾ ಆಸ್ಪತ್ರೆಯಲ್ಲಿ ಆರ್‌ಟಿ-ಪಿಸಿಆರ್ ಲ್ಯಾಬ್ ಕಟ್ಟುವುದು: ಖಾಲಿ ಕೋಣೆಯಿಂದ ಮೊದಲ ವರದಿಯವರೆಗೆ

ಸಾಂಕ್ರಾಮಿಕ ಬಂತೆಂದರೆ ಆಸ್ಪತ್ರೆಗಳು ಮೊದಲು ಪಿಸಿಆರ್ ಯಂತ್ರಕ್ಕೆ, ಅಂದರೆ ಮಾದರಿಯಲ್ಲಿರುವ ವೈರಸ್ಸಿನ ಜೀನನ್ನು ಕೋಟಿಗಟ್ಟಲೆ ಪ್ರತಿ ಮಾಡಿ ಗುರುತಿಸುವ ಯಂತ್ರಕ್ಕೆ, ಆರ್ಡರ್ ಹಾಕುತ್ತವೆ. ನಿಜ ಹೇಳಬೇಕೆಂದರೆ ಆ ಯಂತ್ರ ಎಲ್ಲಕ್ಕಿಂತ ಕೊನೆಗೆ ಬಂದರೂ ನಡೆಯುತ್ತದೆ. ಕೋಣೆ, ಗಾಳಿಯ ದಿಕ್ಕು, ಕರೆಂಟು, ಮಾದರಿ ಒಳಗೆ ಬರುವ ದಾರಿ, ಕಸ ಹೊರಗೆ ಹೋಗುವ ದಾರಿ, ಟಿಪ್‌ಗಳ (ಹನಿ ಅಳೆದು ಹಾಕುವ ಪಿಪೆಟ್ಟಿಗೆ ಸಿಕ್ಕಿಸಿ ಬಿಸಾಡುವ ತುದಿ) ದಾಸ್ತಾನು, ಡಾಟಾ ಎಂಟ್ರಿಗೆ ಜನ ಇವೆಲ್ಲ ಸಿದ್ಧವಿಲ್ಲದಿದ್ದರೆ ಯಂತ್ರ ಪೆಟ್ಟಿಗೆಯಲ್ಲೇ ಕೂರುತ್ತದೆ. ದಿನಕ್ಕೆ ಎಷ್ಟು ವರದಿ ಹೊರಬೀಳುತ್ತದೆ ಎಂಬುದನ್ನು ಇಡೀ ಕೆಲಸದಲ್ಲಿ ಅತಿ ನಿಧಾನವಾಗಿ ನಡೆಯುವ ಹಂತವೇ ತೀರ್ಮಾನಿಸುತ್ತದೆ. ಆ ಹಂತ ಪಿಸಿಆರ್ ಯಂತ್ರವೇ ಆಗಿರುವುದು ಅಪರೂಪ.

ಲ್ಯಾಬ್ ಹತ್ತಿರ ಇರಬೇಕು ಎನ್ನುವುದಕ್ಕೆ ವಾದ ಬೇಕಿಲ್ಲ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿ ಜಿಲ್ಲೆಯಿಂದ ವರದಿಯಾಯಿತು. ಮಾದರಿ ಬೆಂಗಳೂರಿಗೆ ಹೋಗಿತ್ತು. ಸೋಂಕು ಖಚಿತವಾಗುವ ಹೊತ್ತಿಗೆ ರೋಗಿ ತೀರಿಕೊಂಡಾಗಿತ್ತು.

ಈ ಬರಹದ ಲೆಕ್ಕಗಳೆಲ್ಲ ದಿನಕ್ಕೆ 100ರಿಂದ 400 ಮಾದರಿ ನೋಡುವ ಸರ್ಕಾರಿ ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿಗೆ ಹೊಂದುವಂಥವು. ಉದಾಹರಣೆ ಕೋವಿಡ್ ವೈರಸ್ಸಿನದು. ಬೇರೆ ಉಸಿರಾಟದ ವೈರಸ್ ಬಂದರೆ ಕಿಟ್ ಬದಲಾಗುತ್ತದೆ, ಕಟ್ಟಡ ಬದಲಾಗುವುದಿಲ್ಲ. ಒಂದು ಗೆರೆ ಮಾತ್ರ ದಾಟಬೇಡಿ: ಇದು ಜೈವಿಕ ಸುರಕ್ಷತೆಯ ಎರಡನೇ ಹಂತದ, ಅಂದರೆ ಬಿಎಸ್‌ಎಲ್-2 ಲ್ಯಾಬ್. ಇಲ್ಲಿ ಮಾದರಿಯಿಂದ ಆರ್‌ಎನ್‌ಎ (ವೈರಸ್ಸಿನ ಜೀನ್ ವಸ್ತು) ತೆಗೆಯಬಹುದು, ವೈರಸ್ ಬೆಳೆಸುವಂತಿಲ್ಲ. ನಿಫಾ ಥರದ ಶಂಕಿತ ಮಾದರಿ ಬಂದರೆ ಮುಚ್ಚಳವನ್ನೂ ತೆಗೆಯದೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಜೊತೆ ಮಾತಾಡಿ. ಬಿಎಸ್‌ಎಲ್-4 ವ್ಯವಸ್ಥೆ ಅಲ್ಲಿದೆ.

ಮೊದಲು ಕಾಗದ, ಅದರ ಜೊತೆಗೇ ಲೆಕ್ಕ

ಅನುಮತಿಯ ಕಡತವನ್ನು ಗೋಡೆ ಒಡೆಯುವ ದಿನವೇ ಶುರು ಮಾಡಿ. ಕೋವಿಡ್ ಕಾಲದಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅನುಮತಿಯಿಲ್ಲದೆ ಯಾವ ಲ್ಯಾಬೂ ವರದಿ ಕೊಡುವಂತಿರಲಿಲ್ಲ. ಖಾಸಗಿ ಲ್ಯಾಬುಗಳಿಗೆ ಲ್ಯಾಬಿನ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆಯೂ ಬೇಕಿತ್ತು. ಹೊಸ ಲ್ಯಾಬುಗಳ ಕೈಹಿಡಿಯಲು ರಾಜ್ಯವಾರು ಮಾರ್ಗದರ್ಶಿ ಸಂಸ್ಥೆಗಳನ್ನು ಗೊತ್ತುಮಾಡಿದ್ದರು, ಕರ್ನಾಟಕಕ್ಕೆ ಅದು ಬೆಂಗಳೂರಿನ ನಿಮ್ಹಾನ್ಸ್. ಕೋಣೆಗಳ ನಕ್ಷೆ, ಉಪಕರಣಗಳ ಪಟ್ಟಿ, ಸಿಬ್ಬಂದಿಯ ವಿದ್ಯಾರ್ಹತೆ, ಬಯೋಸೇಫ್ಟಿ ಕ್ಯಾಬಿನೆಟ್‌ನ (ಸೋಂಕಿತ ಟ್ಯೂಬ್ ತೆರೆಯುವ, ಗಾಳಿ ಸೋಸುವ ಪೆಟ್ಟಿಗೆ) ಪ್ರಮಾಣಪತ್ರ, ತ್ಯಾಜ್ಯದ ಒಪ್ಪಂದ, ಇವನ್ನು ಕೇಳುವ ಮೊದಲೇ ಒಂದು ಫೈಲಿನಲ್ಲಿ ಜೋಡಿಸಿಡಿ. ಆಸ್ಪತ್ರೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಮೊದಲೇ ಇರುತ್ತದೆ. ಹೊಸ ಲ್ಯಾಬಿನ ಕಸ ಅದರೊಳಗೆ ಸೇರಿದೆಯೇ ಎಂದು ನೋಡಿಕೊಳ್ಳಿ. ಇನ್ನೊಂದು ವಿಷಯ ಬಹಳ ಜನರಿಗೆ ತಡವಾಗಿ ಹೊಳೆಯುತ್ತದೆ: ಆರ್‌ಎನ್‌ಎ ತೆಗೆಯಲು ಶುದ್ಧ ಎಥನಾಲ್ ಬೇಕು, ಅದು ಅಬಕಾರಿ ನಿಯಂತ್ರಣದಲ್ಲಿದೆ. ಆ ಪರವಾನಗಿಗೂ ಅವತ್ತೇ ಅರ್ಜಿ ಹಾಕಿ. ವಾರ್ಡಿನ ಸರ್ಜಿಕಲ್ ಸ್ಪಿರಿಟ್ ಇದಕ್ಕೆ ಆಗುವುದಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. 96 ವೆಲ್‌ನ (ಪುಟ್ಟ ಗುಳಿಗಳ) ಒಂದು ಪ್ಲೇಟಿನಲ್ಲಿ ಕಂಟ್ರೋಲ್‌ಗಳನ್ನು, ಅಂದರೆ ಉತ್ತರ ಮೊದಲೇ ಗೊತ್ತಿರುವ ತಾಳೆಯ ಮಾದರಿಗಳನ್ನು, ಬಿಟ್ಟರೆ 92–93 ರೋಗಿಗಳ ಮಾದರಿ ಹಿಡಿಯುತ್ತದೆ. ಯಂತ್ರದ ಒಂದು ಓಟಕ್ಕೆ ಕಿಟ್ ನೋಡಿಕೊಂಡು ಒಂದೂಕಾಲರಿಂದ ಎರಡು ಗಂಟೆ. ಹಾಗಾದರೆ ಒಂದೇ ಯಂತ್ರ ದಿನವಿಡೀ ಓಡಿದರೆ ಹತ್ತು ಪ್ಲೇಟು ದಾಟಬಹುದು, ಸುಮಾರು 900 ಮಾದರಿ. ಆದರೆ ಆ ಪ್ಲೇಟುಗಳನ್ನು ತುಂಬಿಸುವವರು ಯಾರು? ಕೈಯಲ್ಲೇ ಕಾಲಂ ಕಿಟ್‌ನಿಂದ (ಆರ್‌ಎನ್‌ಎ ಹಿಡಿದಿಡುವ ಪುಟ್ಟ ಸೋಸುಕೊಳವೆಗಳ ಕಿಟ್) ಆರ್‌ಎನ್‌ಎ ತೆಗೆಯುವ ಟೆಕ್ನಿಷಿಯನ್ 24 ಮಾದರಿಯ ಒಂದು ಬ್ಯಾಚಿಗೆ ಒಂದೂವರೆಯಿಂದ ಎರಡು ಗಂಟೆ ತೆಗೆದುಕೊಳ್ಳುತ್ತಾರೆ. ಎಂಟು ಗಂಟೆಯ ಪಾಳಿಯಲ್ಲಿ ಮೂರು ಬ್ಯಾಚ್ ಆದರೆ ಹೆಚ್ಚು, ಅಂದರೆ 72 ಮಾದರಿ. ಇಬ್ಬರಿದ್ದರೆ 144. ಇಂಥ ಕಡೆ ಎರಡನೇ ಪಿಸಿಆರ್ ಯಂತ್ರ ತರಿಸುವುದು ದುಡ್ಡು ದಂಡ. ಅದೇ ದುಡ್ಡಿಗೆ ಮ್ಯಾಗ್ನೆಟಿಕ್ ಬೀಡ್‌ನಿಂದ (ಅಯಸ್ಕಾಂತಕ್ಕೆ ಅಂಟುವ ಮಣಿ) ತಾನಾಗಿಯೇ ಆರ್‌ಎನ್‌ಎ ತೆಗೆಯುವ ಆಟೊಮ್ಯಾಟಿಕ್ ಎಕ್ಸ್‌ಟ್ರಾಕ್ಟರ್ ತಂದರೆ 96 ಮಾದರಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಆಮೇಲೆ ನಿಧಾನದ ಹಂತ ಟ್ಯೂಬ್ ತೆರೆದು ಮಾದರಿ ಹಂಚುವ ಕೆಲಸಕ್ಕೆ ಜರುಗುತ್ತದೆ: ಟ್ಯೂಬಿಗೆ 40 ಸೆಕೆಂಡ್ ಎಂದರೂ 93 ಟ್ಯೂಬಿಗೆ ಒಂದು ಗಂಟೆ. ಅದಕ್ಕೆ ಬೇಕಾದದ್ದು ಎರಡನೇ ಬಯೋಸೇಫ್ಟಿ ಕ್ಯಾಬಿನೆಟ್.

ಜಾಗ: ನಾಲ್ಕು ಕೋಣೆ, ಒಂದೇ ದಿಕ್ಕು

ಬೇಕಾದ ಜಾಗಗಳು ಇಷ್ಟು. ಮಾದರಿ ಸ್ವೀಕರಿಸುವ ಕಿಟಕಿ. ಟ್ಯೂಬ್ ತೆರೆದು ಆರ್‌ಎನ್‌ಎ ತೆಗೆಯುವ ಕೋಣೆ. ಮಾಸ್ಟರ್ ಮಿಕ್ಸ್, ಅಂದರೆ ಪಿಸಿಆರ್‌ಗೆ ಬೇಕಾದ ಎನ್‌ಜೈಮ್ ಮತ್ತಿತರ ವಸ್ತುಗಳ ಮಿಶ್ರಣ, ಕಲಸುವ ಶುದ್ಧ ಕೋಣೆ. ಆರ್‌ಎನ್‌ಎಯನ್ನು ಪ್ಲೇಟಿಗೆ ಹಾಕಿ ಯಂತ್ರಕ್ಕಿಡುವ ಕೋಣೆ. ಜಾಗವಿದ್ದರೆ ಹಾಕುವುದಕ್ಕೂ ಯಂತ್ರಕ್ಕೂ ಬೇರೆ ಬೇರೆ. ಇವುಗಳ ಹೊರಗೆ ಪಿಪಿಇ ಹಾಕುವ, ತೆಗೆಯುವ ಎರಡು ಪ್ರತ್ಯೇಕ ಮೂಲೆಗಳು, ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೋಂಕು ಕೊಲ್ಲುವ ಯಂತ್ರ) ಕೋಣೆ, ಡಾಟಾ ಎಂಟ್ರಿ ಕೋಣೆ.

ಶುದ್ಧ ಕೋಣೆಯಿಂದ ಮಿಕ್ಸ್ ಹೊರಗೆ ಹೋಗಬಹುದು. ಆರ್‌ಎನ್‌ಎ, ಪಾಸಿಟಿವ್ ಕಂಟ್ರೋಲ್ (ವೈರಸ್ಸಿನ ಜೀನ್ ಇದೆ ಎಂದು ಗೊತ್ತಿರುವ ಮಾದರಿ), ಓಡಿದ ಪ್ಲೇಟು ಯಾವುದೂ ಆ ಕೋಣೆಗೆ ವಾಪಸು ಬರಕೂಡದು. ಜನಕ್ಕೂ ಇದೇ ನಿಯಮ: ಬೆಳಿಗ್ಗೆ ಯಂತ್ರದ ಕೋಣೆಯಲ್ಲಿ ಕೆಲಸ ಮಾಡಿದವರು ಆ ದಿನ ಮಿಕ್ಸ್ ಕೋಣೆಗೆ ಹೋಗಬಾರದು. ಕೋಟು, ಪಿಪೆಟ್, ಮಾರ್ಕರ್ ಪೆನ್ನು, ಕುರ್ಚಿ ಸಹ ಕೋಣೆಗೊಂದು. ಪ್ರತಿ ಕೋಣೆಗೆ ಒಂದು ಬಣ್ಣ ಗೊತ್ತುಮಾಡಿ, ಆ ಬಣ್ಣದ ಟೇಪನ್ನು ಅಲ್ಲಿನ ಪ್ರತಿ ವಸ್ತುವಿಗೂ ಸುತ್ತಿಬಿಡಿ. ಹಸಿರು ಟೇಪಿನ ಪಿಪೆಟ್ ಕೆಂಪು ಕೋಣೆಯಲ್ಲಿ ಕಂಡರೆ ಹೇಳಿಕೊಡದೆಯೇ ಎಲ್ಲರಿಗೂ ಗೊತ್ತಾಗುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಪಿಸಿಆರ್ ಓಡಿ ಮುಗಿದ ಒಂದು ವೆಲ್‌ನಲ್ಲಿ ಕೋಟಿಕೋಟಿ ಪ್ರತಿಗಳಿರುತ್ತವೆ. ಅಂಥ ಒಂದು ಪ್ಲೇಟಿನ ಸೀಲ್ ಬಿಚ್ಚಿಕೊಂಡರೆ ತಿಂಗಳುಗಟ್ಟಲೆ ಸುಳ್ಳು ಪಾಸಿಟಿವ್ ಬರಬಹುದು. ದೊಡ್ಡ ಸಂಸ್ಥೆಗಳಿಗೂ ಇದು ತಪ್ಪಿದ್ದಲ್ಲ. 2020ರ ಫೆಬ್ರವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ ರಾಜ್ಯಗಳ ಲ್ಯಾಬುಗಳಿಗೆ ಕಳಿಸಿದ ಮೊದಲ ಕಿಟ್‌ಗಳು ವೈರಸ್ ಇರಲೇಬಾರದ ನೆಗೆಟಿವ್ ಕಂಟ್ರೋಲ್‌ನಲ್ಲೇ ಸಿಗ್ನಲ್ ಕೊಟ್ಟವು. ತಯಾರಿಕೆಯ ಹಂತದಲ್ಲೇ ಸೇರಿದ್ದ ಕಲ್ಮಶ ಅದಕ್ಕೊಂದು ಕಾರಣ.

ಹಳೆಯ ಆಸ್ಪತ್ರೆಯ ಕಟ್ಟಡವಾದರೆ ಸಾಲಾಗಿರುವ ಮೂರ್ನಾಲ್ಕು ಕೋಣೆ ಹುಡುಕಿ. ನಡುವೆ ರೋಗಿಗಳು ಓಡಾಡುವ ಪಡಸಾಲೆ ಇರಬಾರದು. ಕೋಣೆಗಳ ನಡುವಿನ ಗೋಡೆಯಲ್ಲಿ ಎರಡು ಬಾಗಿಲಿನ ಪಾಸ್ ಬಾಕ್ಸ್ ಕೂರಿಸಿದರೆ ಟ್ರೇ ಮಾತ್ರ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ. ಬೆಂಚಿಗೆ ಗ್ರಾನೈಟ್ ಉತ್ತಮ. ಸಂದುಗಳನ್ನು ಎಪಾಕ್ಸಿಯಿಂದ ಮುಚ್ಚಿಸಿ. ಪ್ಲೈವುಡ್ ಮೇಲೆ ಸನ್‌ಮೈಕಾ ಅಂಟಿಸಿದ ಮೇಜು ಹೈಪೋಕ್ಲೋರೈಟ್ (ಸೋಂಕು ಕೊಲ್ಲುವ ಬ್ಲೀಚ್ ದ್ರಾವಣ) ತಗುಲಿ ಕೆಲವೇ ತಿಂಗಳಲ್ಲಿ ಎದ್ದುಬರುತ್ತದೆ. ಕೈತೊಳೆಯುವ ಸಿಂಕ್ ಬಾಗಿಲ ಬಳಿ ಇರಲಿ, ನಲ್ಲಿ ಮೊಣಕೈಯಿಂದ ತೆರೆಯುವಂತಿರಲಿ.

ಗಾಳಿ ಮತ್ತು ಕರೆಂಟು

ಪಿಡಬ್ಲ್ಯುಡಿಯವರ ಜೊತೆ ಹೆಚ್ಚು ಜಗಳ ಆಗುವುದು ಇಲ್ಲೇ. ಸ್ಪ್ಲಿಟ್ ಎಸಿ ಕೋಣೆಯನ್ನು ತಂಪು ಮಾಡುತ್ತದೆ, ಹೊಸ ಗಾಳಿ ತರುವುದಿಲ್ಲ. ಅದೇ ಗಾಳಿಯನ್ನು ಸುತ್ತಿಸುತ್ತದೆ. ಆರ್‌ಎನ್‌ಎ ಕೋಣೆಗೆ ಹೊರಹಾಕುವ ಫ್ಯಾನು ಬೇರೆಯೇ ಬೇಕು. ಐದು ಮೀಟರ್ ಉದ್ದ, ನಾಲ್ಕು ಅಗಲ, ಮೂರು ಎತ್ತರದ ಕೋಣೆ ಎಂದರೆ 60 ಘನ ಮೀಟರ್. ಗಂಟೆಗೆ 12 ಸಲ ಗಾಳಿ ಬದಲಾಗಬೇಕೆಂದರೆ 720 ಘನ ಮೀಟರ್ ಎಳೆಯುವ ಫ್ಯಾನು. ಅದರ ಬಾಯಿ ಕಟ್ಟಡದ ಹಿಂಭಾಗಕ್ಕೆ ಇರಲಿ, ಒಪಿಡಿ ಸಾಲಿನ ಕಡೆಗಾಗಲೀ ಇನ್ನೊಂದು ಕೋಣೆಯ ಕಿಟಕಿಯ ಕಡೆಗಾಗಲೀ ಅಲ್ಲ. ಗಾಳಿ ಪಡಸಾಲೆಯಿಂದ ಕೋಣೆಯೊಳಕ್ಕೆ ಹರಿಯಬೇಕು. ಮಿಕ್ಸ್ ಕೋಣೆಯಲ್ಲಿ ಇದರ ತಿರುವುಮುರುವು, ಒಳಗಿನಿಂದ ಹೊರಕ್ಕೆ. ಪರೀಕ್ಷಿಸಲು ಮೀಟರ್ ಇಲ್ಲದಿದ್ದರೂ ಪರವಾಗಿಲ್ಲ: ಬಾಗಿಲಿನ ಕೆಳಸಂದಿಗೆ ಟಿಶ್ಯೂ ಪೇಪರಿನ ಎಳೆ ಹಿಡಿದರೆ ಅದು ಯಾವ ಕಡೆ ವಾಲುತ್ತದೆ ಎಂದು ಕಾಣುತ್ತದೆ. ದಿನಾ ಬೆಳಿಗ್ಗೆ ನೋಡಿ ರಿಜಿಸ್ಟರಿನಲ್ಲಿ ಬರೆಯಿರಿ. ಇಡೀ ಆಸ್ಪತ್ರೆಗೆ ಒಂದೇ ಡಕ್ಟ್ ಇರುವ ಸೆಂಟ್ರಲ್ ಎಸಿ ಇದ್ದರೆ ಈ ಕೋಣೆಯ ಬಾಯಿಗಳನ್ನು ಮುಚ್ಚಿಸಿ. ಸೀಲಿಂಗ್ ಫ್ಯಾನು ಕಳಚಿಸಿ; ಸ್ವಿಚ್ ಆಫ್ ಮಾಡಿಟ್ಟರೆ ಸಾಲದು, ಮೇ ತಿಂಗಳಲ್ಲಿ ಯಾರಾದರೂ ಹಾಕಿಯೇ ಹಾಕುತ್ತಾರೆ.

ಕರೆಂಟಿಗೆ ಬೆಸ್ಕಾಂ, ಜೆಸ್ಕಾಂ ಯಾವುದೇ ಇರಲಿ, ಜನರೇಟರ್ ಲೈನು ಲ್ಯಾಬಿಗೆ ಬಂದಿದೆಯೇ ಎಂದು ಮೊದಲು ನೋಡಿ. ಜನರೇಟರ್ ಎತ್ತಿಕೊಳ್ಳುವವರೆಗಿನ ಅರೆನಿಮಿಷ ತುಂಬಲು ಆನ್‌ಲೈನ್ ಯುಪಿಎಸ್ ಬೇಕು. ಪಿಸಿಆರ್, ಎಕ್ಸ್‌ಟ್ರಾಕ್ಟರ್, ಕ್ಯಾಬಿನೆಟ್ ಮೂರೂ ಅದರ ಮೇಲೆ ಇರಲಿ. ಎಸಿ, ಆಟೋಕ್ಲೇವ್ ಅದರ ಮೇಲೆ ಬೇಡ. ಓಟದ ಮಧ್ಯೆ ಕರೆಂಟು ಹೋದರೆ ಆ ಪ್ಲೇಟು ಹಾಳು. ಅದಕ್ಕೇ ವರದಿ ಬಿಡುಗಡೆಯಾಗುವ ತನಕ ಉಳಿದ ಆರ್‌ಎನ್‌ಎಯನ್ನು ಬಿಸಾಡಬೇಡಿ. ಮೈನಸ್ 80ರ ಫ್ರೀಜರಿಗೆ ಪ್ರತ್ಯೇಕ ಲೈನು, ಸ್ಟೆಬಿಲೈಸರ್, ಗೋಡೆಯಿಂದ ಒಂದು ಗೇಣು ಅಂತರ ಕೊಡಿ.

ಉಪಕರಣ: ಯಾವುದರಲ್ಲಿ ಮೋಸ ಹೋಗುತ್ತಾರೆ

ಬಯೋಸೇಫ್ಟಿ ಕ್ಯಾಬಿನೆಟ್ ಎಂದು ಬರೆದು ಲ್ಯಾಮಿನಾರ್ ಫ್ಲೋ ತರಿಸಿಕೊಂಡವರಿದ್ದಾರೆ. ಎರಡರ ಬೆಲೆಪಟ್ಟಿ ಪಕ್ಕಪಕ್ಕ ಇಟ್ಟರೆ ಲ್ಯಾಮಿನಾರ್ ಅಗ್ಗ, ನೋಡಲು ಅದೇ ಥರ. ಆದರೆ ಅದು ಒಳಗಿನ ಗಾಳಿಯನ್ನು ಕೆಲಸ ಮಾಡುವವರ ಮುಖಕ್ಕೇ ಊದುತ್ತದೆ. ಅದರಲ್ಲಿ ಸೋಂಕಿತ ಟ್ಯೂಬ್ ತೆರೆಯುವುದು ಅಪಾಯ. ಖರೀದಿ ಆದೇಶದಲ್ಲಿ ‘ಕ್ಲಾಸ್ 2, ಟೈಪ್ ಎ2’ ಎಂದೇ ಬರೆಸಿ. ಇದು ಮುಂದಿನ ಬಾಯಿಯಿಂದ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಗಾಳಿ ಎಳೆದುಕೊಂಡು, ಹೆಪಾ ಫಿಲ್ಟರಿನಲ್ಲಿ ಸೋಸಿ, ಸುಮಾರು ಶೇ 70ನ್ನು ಒಳಗೇ ಸುತ್ತಿಸಿ ಉಳಿದದ್ದನ್ನು ಹೊರಬಿಡುತ್ತದೆ. ಅರ್ಧ ಮೀಟರ್ ಎಂದರೆ ಬಹಳ ಮೆಲ್ಲಗಿನ ಗಾಳಿ. ಹಿಂದಿನಿಂದ ಒಬ್ಬರು ಬಿರುಸಾಗಿ ನಡೆದುಹೋದರೆ ಆ ಪರದೆ ಕದಡುತ್ತದೆ. ಆದ್ದರಿಂದ ಬಾಗಿಲು, ಎಸಿಯ ಬಾಯಿ, ಓಡಾಟದ ದಾರಿ ಮೂರರಿಂದಲೂ ದೂರ, ಕೋಣೆಯ ಒಳತುದಿಯಲ್ಲಿ ಕೂರಿಸಿ. ಕೂರಿಸಿದ ಮೇಲೆ ಗಾಳಿಯ ವೇಗ, ಹೊಗೆ ಮತ್ತು ಫಿಲ್ಟರ್ ಸೋರಿಕೆಯ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ತೆಗೆದುಕೊಳ್ಳಿ. ಕ್ಯಾಬಿನೆಟ್ ಜರುಗಿಸಿದರೆ ಮತ್ತೆ, ಇಲ್ಲವಾದರೆ ವರ್ಷಕ್ಕೊಮ್ಮೆ. ನಾಲ್ಕು ಅಡಿಯ ಕ್ಯಾಬಿನೆಟ್ ಒಬ್ಬರಿಗೆ ಮಾತ್ರ. ಒಳಗಿನ ಯುವಿ ದೀಪವನ್ನು ನಂಬಿ ಒರೆಸುವುದನ್ನು ಬಿಡಬೇಡಿ.

ಲ್ಯಾಮಿನಾರ್ ಬಂದೇಬಿಟ್ಟಿದ್ದರೆ ಮಿಕ್ಸ್ ಕೋಣೆಯಲ್ಲಿ ಬಳಸಿ, ಅಲ್ಲಿ ಅದು ಸರಿಯಾದ ವಸ್ತು.

ಫ್ರಿಜ್ಜಿನ ವಿಷಯದಲ್ಲೂ ಇಂಥದೇ ಎಡವಟ್ಟು. ಮನೆಗೆ ತರುವ ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಜ್ಜಿನ ಫ್ರೀಜರ್ ಹಿಮ ಕರಗಿಸಲು ಆಗಾಗ ತಾನಾಗಿಯೇ ಬಿಸಿಯಾಗುತ್ತದೆ. ಅದರಲ್ಲಿಟ್ಟ ಎನ್‌ಜೈಮ್ ನಿಧಾನವಾಗಿ ಸಾಯುತ್ತದೆ. ಒಂದೆರಡು ವಾರ ಬಿಟ್ಟು ಪಾಸಿಟಿವ್ ಕಂಟ್ರೋಲ್ ತಡವಾಗಿ ಬರತೊಡಗಿದಾಗ ಕಿಟ್ ಕಂಪನಿಯನ್ನು ಬೈಯುತ್ತೀರಿ. ಮೈನಸ್ 20ಕ್ಕೆ ಕೈಯಿಂದ ಹಿಮ ತೆಗೆಯುವ ಡೀಪ್ ಫ್ರೀಜರೇ ಬೇಕು, ಕಿಟ್‌ಗೊಂದು, ಮಾದರಿಗೊಂದು.

ಪಿಸಿಆರ್ ಯಂತ್ರಕ್ಕೆ ಕೇಳಬೇಕಾದ ಪ್ರಶ್ನೆ ಎರಡೇ. ನಿಮಗೆ ಸಿಗುವ ಕಿಟ್ ಯಾವ ಬಣ್ಣದ ಚಾನೆಲ್‌ಗಳನ್ನು ಬಳಸುತ್ತದೆ, ಫ್ಯಾಮ್, ಹೆಕ್ಸ್, ರಾಕ್ಸ್, ಸೈ5? ಅವೆಲ್ಲ ಈ ಯಂತ್ರದಲ್ಲಿ ಇವೆಯೇ, ಕ್ಯಾಲಿಬ್ರೇಟ್ ಆಗಿವೆಯೇ? ಬ್ಲಾಕ್ 0.1 ಮಿಲಿಯದೋ 0.2 ಮಿಲಿಯದೋ? ಪ್ಲೇಟಿನ ಎತ್ತರ ತಪ್ಪಿದರೆ ಮುಚ್ಚಳ ಕೂರುವುದಿಲ್ಲ, ಅಥವಾ ಕೂತು ಅಂಚಿನ ವೆಲ್‌ಗಳು ಆವಿಯಾಗುತ್ತವೆ. ಪ್ಲೇಟು ಖರೀದಿಸುವವರಿಗೂ ಯಂತ್ರ ಖರೀದಿಸುವವರಿಗೂ ಮಾತುಕತೆ ಇಲ್ಲದ ಕಡೆ ಸಾವಿರಾರು ಪ್ಲೇಟುಗಳು ಸ್ಟೋರಿನಲ್ಲಿ ಕೊಳೆಯುತ್ತವೆ.

ಉಳಿದವು: 24 ಟ್ಯೂಬಿನ ಮೈಕ್ರೋಸೆಂಟ್ರಿಫ್ಯೂಜ್, ಪ್ಲೇಟ್ ಸ್ಪಿನ್ನರ್, ಪ್ರತಿ ಕೋಣೆಗೆ ವೋರ್ಟೆಕ್ಸ್ (ಟ್ಯೂಬ್ ಅಲುಗಿಸಿ ಕಲಸುವ ಯಂತ್ರ) ಮತ್ತು ಪಿಪೆಟ್‌ಗಳ ಪೂರ್ತಿ ಸೆಟ್ಟು, ಅಂದರೆ 10, 20, 200, 1000 ಮೈಕ್ರೋಲೀಟರಿನವು ಮತ್ತು ಒಂದು ಎಂಟು ಬಾಯಿಯದು. ಟಿಪ್‌ಗಳು ಎಲ್ಲ ಕೋಣೆಯಲ್ಲೂ ಫಿಲ್ಟರ್ ಇರುವವೇ. ಕಾಲಂ ವಿಧಾನದಲ್ಲಿ ಒಂದು ಮಾದರಿಗೆ ಪ್ಲೇಟಿನ ತನಕ ಹತ್ತು ಟಿಪ್ ಹೋಗುತ್ತದೆ. 100 ಮಾದರಿಗೆ ಸಾವಿರ, ಅಂದರೆ 96ರ ಹನ್ನೊಂದು ರ್ಯಾಕ್. ಅಲೆ ಏರಿದಾಗ ಕಿಟ್‌ಗಿಂತ ಮೊದಲು ಖಾಲಿಯಾಗುವುದು ಟಿಪ್. ಕನಿಷ್ಠ ಮೂರು ವಾರದ್ದು ಕೈಯಲ್ಲಿರಲಿ.

ಜನ

ಒಂದು ಪಾಳಿಗೆ ಸ್ವೀಕಾರಕ್ಕೆ ಇಬ್ಬರು, ಹಂಚಲು ಇಬ್ಬರು, ಆರ್‌ಎನ್‌ಎಗೆ ಇಬ್ಬರು, ಮಿಕ್ಸಿಗೆ ಒಬ್ಬರು, ಪ್ಲೇಟು ಮತ್ತು ಯಂತ್ರಕ್ಕೆ ಒಬ್ಬರು, ಡಾಟಾ ಎಂಟ್ರಿಗೆ ಮೂವರು, ಡಿ ಗ್ರೂಪಿನ ಇಬ್ಬರು, ವರದಿಗೆ ಸಹಿ ಹಾಕುವ ಮೈಕ್ರೋಬಯಾಲಜಿಸ್ಟ್. ಡಾಟಾ ಎಂಟ್ರಿಗೆ ಮೂವರೇ ಎಂದು ಆಡಳಿತದವರು ಹುಬ್ಬೇರಿಸುತ್ತಾರೆ. ಕೊಡಿಸಿಕೊಳ್ಳಿ, ಫಲಿತಾಂಶ ಯಂತ್ರದಲ್ಲಿ ಬಂದು ಪೋರ್ಟಲಿಗೆ ಏರದೆ ಉಳಿದರೆ ರೋಗಿಗೆ ಅದು ಇಲ್ಲದ ಹಾಗೇ.

ತರಬೇತಿ ಪಿಪೆಟ್‌ನಿಂದ ಶುರುವಾಗಲಿ. ಪ್ರತಿಯೊಬ್ಬರೂ 100 ಮೈಕ್ರೋಲೀಟರ್ ನೀರನ್ನು ಹತ್ತು ಸಲ ತೂಕದ ಯಂತ್ರದ ಮೇಲೆ ಹಾಕಲಿ. ಪ್ರತಿ ಸಲವೂ 0.1 ಗ್ರಾಂ ಆಸುಪಾಸು ಬರಬೇಕು. ಎಲ್ಲರದೂ ಕಡಿಮೆ ಬಂದರೆ ಪಿಪೆಟ್ ಕೆಟ್ಟಿದೆ. ಒಬ್ಬರದೇ ಏರಿಳಿದರೆ ಕೈ ಪಳಗಿಲ್ಲ. ಆಮೇಲೆ ಬಣ್ಣದ ನೀರಿನಲ್ಲಿ 5 ಮೈಕ್ರೋಲೀಟರಿನಂತೆ ಇಡೀ ಪ್ಲೇಟು ತುಂಬಿಸಲಿ. ಬಿಟ್ಟುಹೋದ ವೆಲ್, ಎರಡು ಸಲ ಬಿದ್ದ ವೆಲ್ ಎರಡೂ ಕಣ್ಣಿಗೆ ಕಾಣುತ್ತವೆ. ಡಿ ಗ್ರೂಪಿನವರಿಗೂ ಪಿಪಿಇ ತೆಗೆಯುವ ಕ್ರಮ, ಚೆಲ್ಲಿದರೆ ಏನು ಮಾಡಬೇಕು ಎಂಬುದನ್ನು ಕೈಯಲ್ಲಿ ಮಾಡಿಸಿ ಕಲಿಸಿ.

ಮಾದರಿ ಬಾಗಿಲಿಗೆ ಬಂದಾಗ

ಮೂಗು ಮತ್ತು ಗಂಟಲಿನ ಸ್ವಾಬ್ ಎರಡನ್ನೂ ಒಂದೇ ವಿಟಿಎಂ (ವೈರಸ್ ಕೆಡದಂತೆ ಸಾಗಿಸುವ ದ್ರವ) ಟ್ಯೂಬಿನಲ್ಲಿ ಹಾಕಬಹುದು. ಸ್ವಾಬ್ ನೈಲಾನ್ ಅಥವಾ ಪಾಲಿಯೆಸ್ಟರ್ ತುದಿಯದು, ಪ್ಲಾಸ್ಟಿಕ್ ಕಡ್ಡಿಯದು. ಮರದ ಕಡ್ಡಿ ಮತ್ತು ಕ್ಯಾಲ್ಸಿಯಂ ಆಲ್ಜಿನೇಟ್ ತುದಿ ಪಿಸಿಆರ್ ಅನ್ನು ತಡೆಯುತ್ತವೆ. 2ರಿಂದ 8 ಡಿಗ್ರಿಯಲ್ಲಿ 72 ಗಂಟೆಯೊಳಗೆ ಪರೀಕ್ಷೆಯಾಗಬೇಕು, ತಡವಾದರೆ ಮೈನಸ್ 70ಕ್ಕಿಂತ ಕೆಳಗೆ. ತಾಲ್ಲೂಕಿನಿಂದ ಬರುವ ಡಬ್ಬಿಗೆ ಮೂರು ಪದರ: ಟ್ಯೂಬ್, ಸೋರದ ಚೀಲ ಅಥವಾ ಡಬ್ಬಿ, ಹೊರಗೆ ಐಸ್ ಪ್ಯಾಕಿನ ಪೆಟ್ಟಿಗೆ.

ತಿರಸ್ಕರಿಸುವ ನಿಯಮವನ್ನು ಮೊದಲ ದಿನವೇ ಬರೆದು ಎಲ್ಲ ಸಂಗ್ರಹ ಕೇಂದ್ರಗಳಿಗೆ ಕಳಿಸಿ. ಸೋರಿದ ಟ್ಯೂಬ್, ಹೆಸರಿಲ್ಲದ ಟ್ಯೂಬ್, ಸ್ವಾಬ್ ಇಲ್ಲದ ಟ್ಯೂಬ್ (ಇದು ನೀವು ಅಂದುಕೊಳ್ಳುವುದಕ್ಕಿಂತ ಹೆಚ್ಚು), ಐಸ್ ಕರಗಿ ಬೆಚ್ಚಗಾದ ಪೆಟ್ಟಿಗೆ. ಕರ್ನಾಟಕದಲ್ಲಿ ಕೋವಿಡ್‌ಗೆ ಬಳಸಿದ ಎಸ್‌ಆರ್‌ಎಫ್ ಸಂಖ್ಯೆ, ಅಂದರೆ ಮಾದರಿಯ ಅರ್ಜಿಯ ಸಂಖ್ಯೆ, 13 ಅಂಕಿಯದು. ಅದನ್ನು ಕೈಬರಹದಲ್ಲಿ ಟ್ಯೂಬಿನ ಮೇಲೆ ಬರೆಸಿದರೆ ತಪ್ಪು ಬರುವುದು ಖಂಡಿತ. ಬಾರ್‌ಕೋಡ್ ಸ್ಟಿಕ್ಕರ್ ಎರಡು ಮುದ್ರಿಸಿ, ಒಂದು ಟ್ಯೂಬಿಗೆ ಒಂದು ಪಟ್ಟಿಗೆ. ಪಟ್ಟಿಯ ಹಾಳೆ ಐಸ್ ಪೆಟ್ಟಿಗೆಯ ಒಳಗಲ್ಲ, ಹೊರಗೆ ಪ್ಲಾಸ್ಟಿಕ್ ಕವರಿನಲ್ಲಿ ಬರಲಿ. ಲ್ಯಾಬಿನೊಳಗೆ ಪ್ರತಿ ಮಾದರಿಗೆ ದಿನದ ಸರಣಿ ಸಂಖ್ಯೆಯೊಂದನ್ನು ಕೊಟ್ಟು ಕೊನೆಯವರೆಗೂ ಅದರಲ್ಲೇ ಗುರುತಿಸಿ. ಸಾಮಾನ್ಯ ಮಾರ್ಕರ್ ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ, ಸ್ಪಿರಿಟ್‌ಗೆ ಅಳಿಯದ ಪೆನ್ನು ತರಿಸಿ.

ಆರ್‌ಎನ್‌ಎ, ಮಿಕ್ಸ್, ಓಟ

ಕ್ಯಾಬಿನೆಟ್ ಚಾಲೂ ಮಾಡಿ ಐದು ನಿಮಿಷ ಬಿಡಿ. ಎಡಕ್ಕೆ ಶುದ್ಧ ವಸ್ತು, ನಡುವೆ ಕೆಲಸ, ಬಲಕ್ಕೆ ಕಸ. ಮುಂದಿನ ಜಾಲರಿಯ ಮೇಲೆ ಹಾಳೆ, ಮೊಣಕೈ ಯಾವುದೂ ಬೇಡ. ಒಂದು ಸಲಕ್ಕೆ ಒಂದೇ ಟ್ಯೂಬ್ ತೆರೆಯಿರಿ.

ಹೆಚ್ಚು ಬಳಕೆಯಲ್ಲಿರುವ ಕಾಲಂ ಕಿಟ್ ಒಂದರ ಅಳತೆ ಹೀಗಿದೆ. 560 ಮೈಕ್ರೋಲೀಟರ್ ಲೈಸಿಸ್ ಬಫರಿಗೆ (ವೈರಸ್ ಒಡೆಯುವ ದ್ರವ) 140 ಮೈಕ್ರೋಲೀಟರ್ ಮಾದರಿ, ಹತ್ತು ನಿಮಿಷ ಕೋಣೆಯ ಉಷ್ಣತೆಯಲ್ಲಿ. 560 ಎಥನಾಲ್ ಸೇರಿಸಿ, 630ರಂತೆ ಎರಡು ಸಲಕ್ಕೆ ಕಾಲಂ ಮೂಲಕ ಇಳಿಸಿ. ಎರಡು ಬಫರುಗಳಿಂದ 500ರಂತೆ ತೊಳೆದು, ಖಾಲಿ ಕಾಲಂ ಅನ್ನು ಇನ್ನೊಮ್ಮೆ ಪೂರ್ತಿ ವೇಗದಲ್ಲಿ ತಿರುಗಿಸಿ, 60 ಮೈಕ್ರೋಲೀಟರಿನಲ್ಲಿ ಆರ್‌ಎನ್‌ಎ ಇಳಿಸಿಕೊಳ್ಳಿ. ಆ ಖಾಲಿ ತಿರುಗಾಟವನ್ನು ಸಮಯ ಉಳಿಸಲು ಬಿಟ್ಟರೆ ಎಥನಾಲ್ ಉಳಿದು ಪಿಸಿಆರ್ ಕುಂಟುತ್ತದೆ. ನಿಮ್ಮ ಕಿಟ್ ಬೇರೆಯಾದರೆ ಅದರ ಕೈಪಿಡಿಯ ಅಳತೆಯೇ ಅಂತಿಮ. ಪ್ರತಿ ಬ್ಯಾಚಿನಲ್ಲೂ ಮಾದರಿಯ ಬದಲು ಬರೀ ವಿಟಿಎಂ ಹಾಕಿದ ಒಂದು ಟ್ಯೂಬ್ ಇರಲಿ. ಕಲ್ಮಶ ಎಲ್ಲಿ ಸೇರಿತೆಂದು ನಾಳೆ ಹುಡುಕುವಾಗ ಅದೇ ಸಾಕ್ಷಿ.

ಮಿಕ್ಸ್ ಲೆಕ್ಕಕ್ಕೆ ಶೇ 10 ಹೆಚ್ಚು ಸೇರಿಸಿ. 96 ವೆಲ್‌ಗೆ 106 ಪಾಲು. ಒಂದಕ್ಕೆ 20 ಮೈಕ್ರೋಲೀಟರ್ ಎಂದರೆ 2,120. ಎನ್‌ಜೈಮ್ ಅನ್ನು ಐಸ್ ಮೇಲೆಯೇ ಇಡಿ, ವೋರ್ಟೆಕ್ಸ್ ಮಾಡದೆ ಮೆಲ್ಲಗೆ ತಿರುವಿ. ಪ್ರೋಬ್ (ವೈರಸ್ಸಿನ ಜೀನ್ ಸಿಕ್ಕರೆ ಬೆಳಗುವ ಅಣು) ಬೆಳಕಿಗೆ ಹಾಳಾಗುತ್ತದೆ, ಫಾಯಿಲ್ ಸುತ್ತಿ. ನೀರು ನ್ಯೂಕ್ಲಿಯೇಸ್ (ಆರ್‌ಎನ್‌ಎ ಕತ್ತರಿಸುವ ಎನ್‌ಜೈಮ್) ಇಲ್ಲದ್ದೇ ಆಗಬೇಕು, ಡಿಸ್ಟಿಲ್ಡ್ ವಾಟರ್ ಅಲ್ಲ. ಪ್ಲೇಟಿಗೆ ಮೊದಲು ರೋಗಿಗಳ ಆರ್‌ಎನ್‌ಎ 5 ಮೈಕ್ರೋಲೀಟರಿನಂತೆ, ನೆಗೆಟಿವ್ ಕಂಟ್ರೋಲ್ ಅದರ ನಂತರ, ಪಾಸಿಟಿವ್ ಕಂಟ್ರೋಲ್ ಎಲ್ಲಕ್ಕಿಂತ ಕೊನೆಗೆ, ಉಳಿದವನ್ನು ಮುಚ್ಚಿದ ಮೇಲೆ. ಸೀಲ್ ಒತ್ತಿ, ಒಂದು ನಿಮಿಷ ಸ್ಪಿನ್ ಮಾಡಿ ಗುಳ್ಳೆ ಇಳಿಸಿ.

ಯಂತ್ರದ ಓಟ ಸಾಮಾನ್ಯವಾಗಿ ಹೀಗಿರುತ್ತದೆ: 50–55 ಡಿಗ್ರಿಯಲ್ಲಿ ಹತ್ತರಿಂದ ಮೂವತ್ತು ನಿಮಿಷ, 95ರಲ್ಲಿ ಎರಡು-ಮೂರು ನಿಮಿಷ, ಆಮೇಲೆ 95ರಲ್ಲಿ 15 ಸೆಕೆಂಡ್, 58–60ರಲ್ಲಿ 30 ಸೆಕೆಂಡಿನಂತೆ 40–45 ಸುತ್ತು.

ಇಲ್ಲಿನ ಅತಿ ದುಬಾರಿ ತಪ್ಪಿಗೆ ವಿಜ್ಞಾನದ ಸಂಬಂಧವೇ ಇಲ್ಲ. ಪ್ಲೇಟು ತುಂಬಿದವರು ಮೇಲಿಂದ ಕೆಳಕ್ಕೆ ತುಂಬಿರುತ್ತಾರೆ, ಕಂಪ್ಯೂಟರಿನಲ್ಲಿ ಹೆಸರು ಹಾಕಿದವರು ಎಡದಿಂದ ಬಲಕ್ಕೆ. ಪ್ಲೇಟಿನ ಫಲಿತಾಂಶ ಹೆಚ್ಚುಕಡಿಮೆ ಪೂರ್ತಿ ಬೇರೆಯವರ ಹೆಸರಿಗೆ ಹೋಗುತ್ತದೆ. ಲ್ಯಾಬಿಗೆ ಒಂದೇ ಕ್ರಮ, ಮುದ್ರಿತ ನಕ್ಷೆ, ಇಬ್ಬರ ಸಹಿ ಕಡ್ಡಾಯ ಮಾಡಿ.

ಗ್ರಾಫ್ ಓದುವುದು, ಕಲ್ಮಶ ಹುಡುಕುವುದು

ಕಂಟ್ರೋಲ್‌ಗಳನ್ನು ನೋಡದೆ ರೋಗಿಗಳ ಸಾಲಿಗೆ ಕಣ್ಣು ಹಾಕಬೇಡಿ. ಪಾಸಿಟಿವ್ ಕಂಟ್ರೋಲ್ ಎಂದಿನ ಸಿಟಿಯಲ್ಲಿ (ಎಷ್ಟನೇ ಸುತ್ತಿಗೆ ಸಿಗ್ನಲ್ ಕಂಡಿತು ಎಂಬ ಅಂಕಿ) ಬಂದಿದೆಯೇ? ಅದನ್ನು ದಿನಾ ಒಂದು ಚಾರ್ಟಿನಲ್ಲಿ ಗುರುತಿಸಿ. ನಿಧಾನವಾಗಿ ಮೇಲೇರುತ್ತಿದ್ದರೆ ಕಿಟ್ ಬಲಗೆಡುತ್ತಿದೆ. ಮನುಷ್ಯನ ಜೀನ್, ಅಂದರೆ ಆರ್‌ನೇಸ್-ಪಿ ಥರದ ಒಳ ಕಂಟ್ರೋಲ್ ರೋಗಿಯ ವೆಲ್‌ನಲ್ಲಿ ಬಾರದೆ ವೈರಸ್ಸಿನ ಗೆರೆಯೂ ಇಲ್ಲದಿದ್ದರೆ ಅದು ನೆಗೆಟಿವ್ ಅಲ್ಲ. ಸ್ವಾಬ್ ಸರಿಯಾಗಿ ತೆಗೆದಿಲ್ಲ, ಇಲ್ಲವೇ ಆರ್‌ಎನ್‌ಎ ಬಂದಿಲ್ಲ. ಹೊಸ ಮಾದರಿ ಕೇಳಿ.

ಯಂತ್ರ ಕೊಟ್ಟ ಅಂಕಿಯನ್ನಷ್ಟೇ ನಂಬದೆ ಪ್ರತಿ ಪಾಸಿಟಿವ್‌ನ ಗೆರೆಯನ್ನು ತೆರೆದು ನೋಡಿ. ನಿಜವಾದದ್ದು ಇಂಗ್ಲಿಷಿನ ಎಸ್ ಅಕ್ಷರದಂತೆ ಏರಿ ಚಪ್ಪಟೆಯಾಗುತ್ತದೆ. ಓಡಿದಷ್ಟೂ ಇಳಿಜಾರಾಗಿ ತೆವಳುವ ಗೆರೆ, ಗುಳ್ಳೆಯಿಂದ ಹಾರಿದ ಗೆರೆ ಪಾಸಿಟಿವ್ ಅಲ್ಲ. ಕೋವಿಡ್‌ಗೆ ಐಸಿಎಂಆರ್ ಹೇಳಿದ ಗಡಿ ಸಿಟಿ 35. ಗಡಿಯಲ್ಲಿ ಬಂದದ್ದನ್ನು ಆರ್‌ಎನ್‌ಎಯಿಂದಲೇ ಪುನಃ ಓಡಿಸಿ. ಸಿಟಿ 3.3ರಷ್ಟು ಕಡಿಮೆ ಎಂದರೆ ವೈರಸ್ಸಿನ ಪ್ರತಿಗಳು ಹತ್ತರಷ್ಟು, ಆದರೆ ಸ್ವಾಬ್ ತೆಗೆದ ಕೈ ಬದಲಾದರೂ ಅಷ್ಟು ವ್ಯತ್ಯಾಸ ಬರುತ್ತದೆ. ಸಿಟಿ ನೋಡಿ ರೋಗದ ತೀವ್ರತೆ ಹೇಳಲು ಹೋಗಬೇಡಿ.

ನೆಗೆಟಿವ್ ಕಂಟ್ರೋಲ್ ಪಾಸಿಟಿವ್ ಬಂದರೆ ಆ ಪ್ಲೇಟಿನ ಒಂದು ವರದಿಯನ್ನೂ ಬಿಡಬೇಡಿ. ಬರೀ ನೀರಿನ ವೆಲ್‌ನಲ್ಲಿ ಬಂದರೆ ಮಿಕ್ಸ್ ಅಥವಾ ಪ್ಲೇಟು ತುಂಬುವ ಹಂತದ ದೋಷ. ನೀರು ಶುದ್ಧವಿದ್ದು ವಿಟಿಎಂ ಟ್ಯೂಬ್ ಮಾತ್ರ ಬಂದರೆ ಆರ್‌ಎನ್‌ಎ ಕೋಣೆಯದು. ಬಿಚ್ಚಿದ ಮಿಕ್ಸ್, ನೀರು, ಟಿಪ್ ಎಲ್ಲ ಎಸೆದು, ಬೆಂಚು ಮತ್ತು ಪಿಪೆಟ್ ಒರೆಸಿ, ಹೊಸ ಪ್ಯಾಕೆಟ್ಟಿನಿಂದ ಬರೀ ನೀರಿನ ವೆಲ್‌ಗಳನ್ನು ಓಡಿಸಿ. ಅವು ಶುದ್ಧ ಬಂದ ಮೇಲೆಯೇ ರೋಗಿಗಳ ಮಾದರಿ. ಒಂದು ಸಾಲು ಅಥವಾ ಕಂಬ ಪೂರ್ತಿ ಪಾಸಿಟಿವ್ ಆದರೆ ಎಂಟು ಬಾಯಿಯ ಪಿಪೆಟ್ ಮೇಲೆ ಅನುಮಾನ ಪಡಿ. ಬಲವಾದ ಪಾಸಿಟಿವ್‌ನ ಅಕ್ಕಪಕ್ಕ 34–36ರ ಮಸುಕು ಪಾಸಿಟಿವ್‌ಗಳಿದ್ದರೆ ಚಿಮ್ಮಿದ ಹನಿಯ ಮೇಲೆ. ಲ್ಯಾಬ್ ತೆರೆಯುವ ಮೊದಲೇ ಇದಕ್ಕೊಂದು ಪರೀಕ್ಷೆ ಇದೆ: ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದಕ್ಕೆ ಪಾಸಿಟಿವ್ ಮತ್ತು ಬರೀ ವಿಟಿಎಂ ಹಾಕಿ ಎಕ್ಸ್‌ಟ್ರಾಕ್ಟರಿನಿಂದ ಹಿಡಿದು ಪ್ಲೇಟಿನವರೆಗೆ ಓಡಿಸಿ. ವಿಟಿಎಂನ ಒಂದು ಮನೆಯೂ ಪಾಸಿಟಿವ್ ಆಗಬಾರದು. ಪಾಸಿಟಿವ್ ಕಂಟ್ರೋಲನ್ನು ಹತ್ತು ಪಟ್ಟಿನಂತೆ ತಿಳಿಗೊಳಿಸುತ್ತ ಹೋಗಿ ಓಡಿಸಿದರೆ ಗೆರೆಯ ಇಳಿಜಾರು ಮೈನಸ್ 3.1ರಿಂದ 3.6ರ ಒಳಗೆ ಬರಬೇಕು. ಮಾರ್ಗದರ್ಶಿ ಸಂಸ್ಥೆಯ ಮಾದರಿಗಳನ್ನು ಗುಟ್ಟಾಗಿ ಓಡಿಸಿ ತಾಳೆ ನೋಡುವುದು ಇವೆರಡರ ನಂತರ.

ಹೈಪೋ ಮತ್ತು ಕಸ

ಶೇ 1ರ ಹೈಪೋಕ್ಲೋರೈಟ್ ದಿನಾ ಹೊಸದಾಗಿ ಕಲಸಿ. ಕ್ಯಾನಿನ ಮೇಲೆ ಶೇ 5 ಎಂದಿದ್ದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು, ಶೇ 10 ಎಂದಿದ್ದರೆ ಒಂಬತ್ತು. ಬಿಸಿಲಿಗಿಟ್ಟ ಕ್ಯಾನು ಚೀಟಿಯಲ್ಲಿರುವಷ್ಟು ಬಲ ಉಳಿಸಿಕೊಂಡಿರುವುದಿಲ್ಲ; ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಂತೂ ಕ್ಲೋರಿನ್ ಪಟ್ಟಿಯಿಂದ ನೋಡಿಕೊಳ್ಳಿ. ಹತ್ತು ನಿಮಿಷ ನೆನೆಯಲು ಬಿಟ್ಟು, ಸ್ಟೀಲಿನ ಮೇಲಾದರೆ ಆಮೇಲೆ ಶೇ 70ರ ಸ್ಪಿರಿಟ್‌ನಿಂದ ಒರೆಸಿ, ಇಲ್ಲದಿದ್ದರೆ ತುಕ್ಕು.

ಈ ಮಾತನ್ನು ಗೋಡೆಯ ಮೇಲೆ ಕನ್ನಡದಲ್ಲೇ ದೊಡ್ಡದಾಗಿ ಅಂಟಿಸಿ: ಲೈಸಿಸ್ ಬಫರಿಗೆ ಹೈಪೋ ತಾಗಬಾರದು. ಆ ಬಫರಿನ ಗ್ವಾನಿಡಿನ್ ಥಯೋಸೈನೇಟ್ ಹೈಪೋ ಜೊತೆ ಸೇರಿದರೆ ಸೈನೈಡ್ ಸೇರಿದ ವಿಷಗಾಳಿ ಹೊರಡುತ್ತದೆ. ಲೈಸಿಸ್ ಹಂತದ ಟಿಪ್, ಟ್ಯೂಬ್, ತೊಳೆದ ದ್ರವಕ್ಕೆ ಬೇರೆಯೇ ಡಬ್ಬಿ. ಅದು ಆಟೋಕ್ಲೇವಿಗೂ ಹೋಗುವುದಿಲ್ಲ, ರಾಸಾಯನಿಕ ತ್ಯಾಜ್ಯವಾಗಿ ಹೊರಗಿನ ಸಂಸ್ಕರಣಾ ಘಟಕಕ್ಕೆ ಹೋಗುತ್ತದೆ. ಉಳಿದ ವಿಟಿಎಂ, ಸ್ವಾಬ್, ಹಂಚುವಾಗಿನ ಟಿಪ್‌ಗಳು 121 ಡಿಗ್ರಿಯಲ್ಲಿ 30 ನಿಮಿಷ ಆಟೋಕ್ಲೇವ್ ಆಗಿ ಬಣ್ಣದ ಚೀಲಕ್ಕೆ. ಚೀಲದ ಬಾಯಿ ಬಿಗಿದು ಇಟ್ಟರೆ ಹಬೆ ಒಳಗೆ ಹೋಗುವುದಿಲ್ಲ, ಸಡಿಲ ಬಿಡಿ. ಆಟೋಕ್ಲೇವ್ ಟೇಪಿನ ಬಣ್ಣ ಬದಲಾಯಿತೆಂದರೆ ಬಿಸಿ ತಾಗಿತು ಎಂದಷ್ಟೇ ಅರ್ಥ. ಜೀವಾಣು ಸತ್ತಿವೆಯೇ ಎನ್ನಲು ವಾರಕ್ಕೊಮ್ಮೆ ಸ್ಪೋರ್ ಪಟ್ಟಿ ಇಡಿ. ಓಡಿದ ಪ್ಲೇಟನ್ನು ಮಾತ್ರ ಆಟೋಕ್ಲೇವ್ ಮಾಡಬೇಡಿ, ಸೀಲ್ ಬಿಚ್ಚಬೇಡಿ. ಎರಡು ಜಿಪ್ ಚೀಲದಲ್ಲಿಟ್ಟು ನೇರ ಹಳದಿ ಚೀಲಕ್ಕೆ.

ಮಾದರಿ ಉಕ್ಕಿ ಬಂದಾಗ

ಕಿಟ್ ಕಡಿಮೆ ಬಿದ್ದಾಗ ಐದೈದು ಮಾದರಿ ಬೆರೆಸಿ ಪೂಲ್ ಮಾಡಬಹುದು; ಪೂಲ್ ಪಾಸಿಟಿವ್ ಬಂದರೆ ಮಾತ್ರ ಆ ಐದನ್ನೂ ಬೇರೆಬೇರೆಯಾಗಿ ಓಡಿಸಬೇಕು. ಪಾಸಿಟಿವ್ ಪ್ರಮಾಣ ಶೇ 2 ಇದ್ದಾಗ ನೂರು ಜನಕ್ಕೆ ಸುಮಾರು 30 ಪರೀಕ್ಷೆ ಸಾಕು. ಶೇ 5 ಆದರೆ 43, ಶೇ 10 ಆದರೆ 61, ಶೇ 20 ಆದರೆ 87. ಅಲೆಯ ನೆತ್ತಿಯಲ್ಲಿ ಪೂಲ್ ಮಾಡಿದರೆ ಉಳಿತಾಯ ಅಲ್ಪ, ಬಿಚ್ಚಿ ಪುನಃ ಓಡಿಸುವ ಕೆಲಸವೇ ಹೆಚ್ಚು. 2020ರ ಏಪ್ರಿಲ್‌ನಲ್ಲಿ ಐಸಿಎಂಆರ್ ಶೇ 2ಕ್ಕಿಂತ ಕಡಿಮೆ ಇರುವ ಕಡೆಗೆ ಪೂಲಿಂಗ್ ಒಪ್ಪಿ, ಶೇ 5 ದಾಟಿದಲ್ಲಿ ಬೇಡ ಎಂದಿತ್ತು. ಐದು ಪಟ್ಟು ತೆಳುವಾಗುವುದರಿಂದ ಸಿಟಿ 2.3ರಷ್ಟು ಏರುತ್ತದೆ ಎಂಬುದನ್ನೂ ಮರೆಯಬೇಡಿ.

ತುರ್ತು ಹೆರಿಗೆ, ಶಸ್ತ್ರಚಿಕಿತ್ಸೆಯ ಮಾದರಿಗಳನ್ನು 96ರ ಪ್ಲೇಟಿಗೆ ಕಾಯಿಸಬೇಡಿ. ಒಂದು ಗಂಟೆಯ ಆಸುಪಾಸಿನಲ್ಲಿ ಉತ್ತರ ಕೊಡುವ ಟ್ರೂನಾಟ್ ಥರದ ಚಿಪ್ ಯಂತ್ರ ಅದಕ್ಕಿದೆ. ಕ್ಷಯಕ್ಕೆಂದು ಬಂದ ಈ ಯಂತ್ರದ ಹಿಂದಿರುವುದು ಗೋವಾದ ಮೋಲ್‌ಬಯೋ ಮತ್ತು ಬೆಂಗಳೂರಿನ ಬಿಗ್‌ಟೆಕ್. ಸ್ವಾಬ್ ನೇರ ಲೈಸಿಸ್ ದ್ರವಕ್ಕೇ ಹೋಗುವುದರಿಂದ ತಾಲ್ಲೂಕು ಆಸ್ಪತ್ರೆಯಲ್ಲೂ ನಡೆಸಬಹುದು.

ಅಲೆ ಇಳಿದ ಮೇಲೆ ಯಂತ್ರಗಳನ್ನು ಹೊದಿಕೆ ಹಾಕಿ ಬಿಡಬೇಡಿ. ಡೆಂಗಿ, ಎಚ್1ಎನ್1 ಎರಡಕ್ಕೂ ಇದೇ ಕೋಣೆ, ಇದೇ ಕೈಗಳು ಸಾಕು; ಮಲೆನಾಡಿನಲ್ಲಾದರೆ ಮಂಗನ ಕಾಯಿಲೆಗೂ ಈ ಕೌಶಲವೇ ಬೇಕು, ಆದರೆ ಆ ವೈರಸ್ಸಿನ ಸುರಕ್ಷತಾ ನಿಯಮ ಇನ್ನೂ ಬಿಗಿ, ಇಲಾಖೆಯ ಒಪ್ಪಿಗೆಯಿಲ್ಲದೆ ಕೈಹಾಕಬೇಡಿ. ವಾರಂಟಿ ಮುಗಿಯುವ ದಿನಾಂಕ, ಕ್ಯಾಬಿನೆಟ್‌ನ ಮರುಪರೀಕ್ಷೆ, ಪಿಪೆಟ್ ಕ್ಯಾಲಿಬ್ರೇಷನ್, ಗುತ್ತಿಗೆ ಸಿಬ್ಬಂದಿಯ ಅವಧಿ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬರೆದು ಜಿಲ್ಲಾ ಸರ್ಜನ್ ಕೋಣೆಯಲ್ಲಿ ಅಂಟಿಸಿ, ಮುಗಿಯಲು ಮೂರು ತಿಂಗಳಿರುವಾಗಲೇ ನವೀಕರಣದ ಕಡತ ಏಳಿಸಿ.